ಅಕ್ಕಲಕೋಟೆಯಿಂದ ಜಪಾನಿ ಮಾಸ್ತರಿಕೆಗೆ

ಅಕ್ಕಲಕೋಟೆ ಕಡೆಯ ಮನೆಗಳಲ್ಲಿ ಊರಿಗೆ ಹೊರಟವರು ಬಾಗಿಲಲ್ಲಿ ನಿಂತು ‘ಹೋಗ್ತೀನಿ’ ಅಂದರೆ ಹಿರಿಯರು ಗದರುತ್ತಾರೆ. ‘ಹೋಗಿ ಬರ್ತೀನಿ ಅನ್ಬೇಕು’ ಎಂದು ತಿದ್ದುತ್ತಾರೆ. ಜಪಾನಿನಲ್ಲಿ ಶಾಲೆಗೆ ಹೊರಟ ಮಗು ಬಾಗಿಲಲ್ಲಿ ಹೇಳುವುದೂ ಇದೇ ಮಾತು: ‘ಇತ್ತೆ ಕಿಮಾಸ್’. ‘ಇತ್ತೆ’ ಅಂದರೆ ಹೋಗಿ, ‘ಕಿಮಾಸ್’ ಅಂದರೆ ಬರ್ತೀನಿ. ಒಳಗಿನಿಂದ ತಾಯಿ ‘ಇತ್ತೆರಾಶ್ಶಾಯ್’ ಅನ್ನುತ್ತಾಳೆ, ಹೋಗಿ ಬಾ ಎಂದು. ಜಪಾನಿ ಕಲಿಯುವ ಇಂಗ್ಲಿಷರಿಗೆ ಇದನ್ನು ಬಿಡಿಸಿ ಹೇಳಲು ಅರ್ಧ ಪುಟದ ಟಿಪ್ಪಣಿ ಬೇಕು. ನಮ್ಮ ಹುಡುಗರಿಗೆ ಟಿಪ್ಪಣಿಯೇ ಬೇಡ.

ಅಕ್ಕಲಕೋಟೆ ಇರುವುದು ಮಹಾರಾಷ್ಟ್ರದ ಗಡಿಯ ಸೊಲ್ಲಾಪುರ ಜಿಲ್ಲೆಯಲ್ಲಿ. ಈ ಜಿಲ್ಲೆಯ ಕನ್ನಡ ಮಾತಾಡುವ ಹುಡುಗ ಹುಡುಗಿಯರು ಜಪಾನಿ ಭಾಷೆಯ ಶಿಕ್ಷಕರಾಗಬೇಕೆಂದರೆ ಏನು ಓದಬೇಕು, ಎಲ್ಲಿ ಓದಬೇಕು ಎಂಬುದನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ. ಆದರೆ ನನ್ನನ್ನು ಈ ವಿಷಯಕ್ಕೆ ಎಳೆದದ್ದು ಆ ಭಾಷೆಯ ವ್ಯಾಕರಣ. ಆದ್ದರಿಂದ ಅದರ ಮಾತೇ ಸ್ವಲ್ಪ ಹೆಚ್ಚಾದರೆ ಓದುಗರು ಸಹಿಸಿಕೊಳ್ಳಬೇಕು.

ಭಾರತದ ಬಹುತೇಕ ಜಪಾನಿ ತರಗತಿಗಳಲ್ಲಿ ಬಳಕೆಯಲ್ಲಿರುವ ಪಠ್ಯ ‘ಮಿನ್ನಾ ನೊ ನಿಹೊಂಗೊ’. ಮೊದಲ ಭಾಗದಲ್ಲಿ 25 ಪಾಠ, ಎರಡನೆಯದರಲ್ಲಿ 25. ಹದಿನಾಲ್ಕನೇ ಪಾಠದಲ್ಲಿ ಕ್ರಿಯಾಪದದ ‘ತೆ’ ರೂಪ ಬರುತ್ತದೆ. ಮುಂದಕ್ಕೆ ಹೋಗಲಾರದೆ ಹಲವು ಕಲಿಕೆದಾರರು ಕೈಚೆಲ್ಲುವ ಜಾಗ ಅದು. ರೂಪವನ್ನು ಬಾಯಿಪಾಠ ಮಾಡುವ ಕಷ್ಟ ಕನ್ನಡಿಗರಿಗೂ ತಪ್ಪಿದ್ದಲ್ಲ. ಆದರೆ ಅದನ್ನು ಯಾಕೆ ಬಳಸಬೇಕೆಂದು ಅವರು ಕೇಳುವುದಿಲ್ಲ, ಯಾಕೆಂದರೆ ಅದು ನಮ್ಮ ‘ತಿಂದು, ಹೋಗಿ, ಮಾಡಿ’. ನಲವತ್ತನೇ ಪಾಠದ ‘ತಬೆತೆ ಮಿರು’ ನಮ್ಮ ‘ತಿಂದು ನೋಡು’ವುದೇ; ರುಚಿ ನೋಡುವುದಕ್ಕೆ ಕಣ್ಣಿನ ಕ್ರಿಯಾಪದವನ್ನು ಎರಡು ಭಾಷೆಗಳೂ ಕರೆಯುತ್ತವೆ. ಮೂವತ್ತನೇ ಪಾಠದ ‘ಶಿತೆ ಒಕು’ ಎಂದರೆ ‘ಮಾಡಿ ಇಡು’. ಅದಕ್ಕೂ ಹಿಂದಿನ ಪಾಠದಲ್ಲಿ ಬರುವ ‘ತೆ ಶಿಮಾಉ’ ಹೆಚ್ಚು ಕಡಿಮೆ ನಮ್ಮ ‘ಮಾಡಿಬಿಟ್ಟೆ, ಮರೆತುಬಿಟ್ಟೆ’ಯ ‘ಬಿಡು’. ಅದರೊಳಗಿನ ಪೇಚಾಟವೂ ಅಷ್ಟೇ ಇದೆ. ಇಪ್ಪತ್ತೊಂದನೇ ಪಾಠದಲ್ಲಿ ‘ಬರ್ತೀನಿ ಅಂತ ಹೇಳಿದ’ ಎಂಬುದರ ‘ಅಂತ’ ಸಿಗುತ್ತದೆ, ಅಲ್ಲಿ ಅದರ ಹೆಸರು ‘ತೊ’. ಇಪ್ಪತ್ತೆರಡರಲ್ಲಿ ‘ನಿನ್ನೆ ಬಂದ ಹುಡುಗ’ ಎಂಬ ಜೋಡಣೆ. ಇಂಗ್ಲಿಷಿನಲ್ಲಿ ಹುಡುಗ ಮೊದಲು ಬಂದು ನಿನ್ನೆಯ ಸಮಾಚಾರ ಹಿಂದೆ ಬರುತ್ತದೆ. ಜಪಾನಿಯಲ್ಲಿ, ನಮ್ಮಲ್ಲಿ, ನಿನ್ನೆಯ ಸಮಾಚಾರವೆಲ್ಲ ಮುಗಿದ ಮೇಲೆ ಹುಡುಗ ಕಾಣಿಸಿಕೊಳ್ಳುತ್ತಾನೆ. ಕರ್ತೃ, ಕರ್ಮ, ಕೊನೆಗೆ ಕ್ರಿಯೆ ಎಂಬ ಸಾಲು, ನಾಮಪದದ ಹಿಂದೆ ಅಂಟುವ ವಿಭಕ್ತಿ, ‘ಇಂದ’ಕ್ಕೆ ‘ಕರ’, ‘ವರೆಗೆ’ಗೆ ‘ಮದೆ’: ಇವೂ ನಮ್ಮಂತೆಯೇ. ‘ಬರ್ತೀನಿ’ಗೂ ‘ಬರ್ತೀನ್ರಿ’ಗೂ ಇರುವ ಅಂತರವನ್ನು ಹುಟ್ಟಿನಿಂದ ಬಲ್ಲ ಗಡಿನಾಡಿನ ಮಕ್ಕಳಿಗೆ ‘ಕುರು’ ಮತ್ತು ‘ಕಿಮಾಸ್’ಗಳ ಅಂತರವನ್ನು ಒಂದೇ ಉದಾಹರಣೆಯಲ್ಲಿ ಮುಗಿಸಬಹುದು.

ಉಚ್ಚಾರದಲ್ಲೂ ಇಂಥ ಅನುಕೂಲವಿದೆ. ‘ಕಿತೆ’ ಅಂದರೆ ಬಂದು, ‘ಕಿತ್ತೆ’ ಅಂದರೆ ಅಂಚೆಚೀಟಿ. ‘ಒಬಸಾನ್’ ಚಿಕ್ಕಮ್ಮನೋ ಅತ್ತೆಯೋ ಆದರೆ ‘ಒಬಾಸಾನ್’ ಅಜ್ಜಿ. ಹ್ರಸ್ವ ದೀರ್ಘ ಗೊತ್ತಿಲ್ಲದವರು ಚಿಕ್ಕಮ್ಮನನ್ನು ಅಜ್ಜಿ ಮಾಡಿ ಬೈಸಿಕೊಳ್ಳುತ್ತಾರೆ. ಅಕ್ಕಲಕೋಟೆ ಎಂದು ಒತ್ತಕ್ಷರ ಹಾಕಿ ಊರಿನ ಹೆಸರು ಬರೆಯುವ ಮಗುವಿಗೆ ಇದು ಕಲಿಸಬೇಕಾದ ಪಾಠವೇ ಅಲ್ಲ. ಆದರೆ ‘ಲ’ ಅಲ್ಲಿಲ್ಲ; ಅದರ ಕೆಲಸವನ್ನೂ ‘ರ’ವೇ ಮಾಡಬೇಕು. ಹಾಗಾಗಿ ಊರಿನ ಹೆಸರನ್ನು ಕತಕನ ಲಿಪಿಯಲ್ಲಿ ಬರೆದರೆ ‘ಅಕ್ಕರುಕೋತೊ’ ಆಗುತ್ತದೆ.

ಇಷ್ಟು ಹೋಲಿಕೆ ಕಂಡಾಗ ‘ಹಾಗಾದರೆ ಇವು ಅಕ್ಕತಂಗಿಯರೇ’ ಎಂಬ ಪ್ರಶ್ನೆ ಏಳುತ್ತದೆ. ಜಪಾನಿನ ಭಾಷಾಪಂಡಿತ ಸುಸುಮು ಓನೊ ತಮ್ಮ ಭಾಷೆಗೂ ತಮಿಳಿಗೂ ನಂಟಿದೆಯೆಂದು ದಶಕಗಳ ಕಾಲ ವಾದಿಸಿದರು. ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ನಂಟಿನ ಹುಚ್ಚು ನನಗೂ ಬೇಡ. ಲಿಪಿಯ ಕಡೆಯಿಂದ ಮಾತ್ರ ಒಂದು ಗಟ್ಟಿ ಸಂಬಂಧವಿದೆ. ಜಪಾನಿ ಅಕ್ಷರಮಾಲೆಯನ್ನು ಈಗ ಜೋಡಿಸಿರುವ ಕ್ರಮ ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯ ನೆರಳು ಅದರ ಮೇಲೆ ಬಿದ್ದಿರುವುದು ಕಣ್ಣಿಗೇ ಕಾಣುತ್ತದೆ. ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿಯನ್ನು ಅಭ್ಯಾಸ ಮಾಡುತ್ತಿದ್ದುದರ ಫಲ ಇದು. ಭಾರತದಿಂದ ಹೋದ ಭಿಕ್ಷು ಬೋಧಿಸೇನ 736ರಲ್ಲಿ ಜಪಾನ್ ತಲುಪಿ, 752ರಲ್ಲಿ ನಾರಾದ ತೋದಾಯ್‌ಜಿ ದೇವಾಲಯದ ಮಹಾಬುದ್ಧನಿಗೆ ಕಣ್ಣು ಬರೆದ. ಅಲ್ಲಿ ಸಂಸ್ಕೃತವನ್ನೂ ಕಲಿಸಿದನೆನ್ನುತ್ತಾರೆ. ಮಾಸ್ತರಿಕೆಯ ವಲಸೆ ಮೊದಲು ಇಲ್ಲಿಂದ ಅಲ್ಲಿಗೆ ನಡೆದಿತ್ತು.

ಸೊಲ್ಲಾಪುರಕ್ಕೂ ಪೂರ್ವ ಏಷ್ಯಾದ ಭಾಷೆಗೂ ಇರುವ ದೊಡ್ಡ ಕೊಂಡಿ ಡಾ. ದ್ವಾರಕಾನಾಥ ಕೋಟ್ನೀಸ್. ಅವರು ಕಲಿತದ್ದು ಚೀನೀ ಭಾಷೆ, ಜಪಾನಿಯಲ್ಲ. ಅಷ್ಟೇ ಏಕೆ, ಅವರು ಶುಶ್ರೂಷೆ ಮಾಡಿದ್ದು ಜಪಾನಿನ ಸೈನ್ಯದ ಎದುರು ಹೋರಾಡಿ ಗಾಯಗೊಂಡವರಿಗೆ. ಆದರೂ ಅವರನ್ನು ಬಿಟ್ಟು ಸೊಲ್ಲಾಪುರದಲ್ಲಿ ಪರಭಾಷೆ ಕಲಿಯುವ ಮಾತಾಡುವುದು ನನ್ನಿಂದಾಗದು. 1910ರ ಅಕ್ಟೋಬರ್ 10ರಂದು ಸೊಲ್ಲಾಪುರದಲ್ಲಿ ಹುಟ್ಟಿ, ಮುಂಬಯಿಯಲ್ಲಿ ವೈದ್ಯಕೀಯ ಓದಿ, 1938ರಲ್ಲಿ ಕಾಂಗ್ರೆಸ್ ಕಳಿಸಿದ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದರು. ಯುದ್ಧದ ನಡುವೆಯೇ ಭಾಷೆ ಕಲಿತರು. ದುಭಾಷಿಯನ್ನು ಪಕ್ಕಕ್ಕಿಟ್ಟು ರೋಗಿಗಳೊಂದಿಗೆ ತಾವೇ ಮಾತಾಡುವಷ್ಟು, ಅಲ್ಲಿನ ವಿದ್ಯಾರ್ಥಿಗಳಿಗೆ ಅವರದೇ ಭಾಷೆಯಲ್ಲಿ ವೈದ್ಯಕೀಯ ಪಾಠ ಹೇಳುವಷ್ಟು ಕಲಿತರು. 1941ರಲ್ಲಿ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು, ಅಲ್ಲಿಯ ಶುಶ್ರೂಷಕಿ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು, 1942ರ ಡಿಸೆಂಬರ್ 9ರಂದು ತೀರಿಕೊಂಡರು. ವಯಸ್ಸು 32. ವಿ. ಶಾಂತಾರಾಮ್ 1946ರಲ್ಲಿ ಅವರ ಮೇಲೆ ಸಿನಿಮಾ ತೆಗೆದರು. ಪದವಿ, ಪರೀಕ್ಷೆ, ಪ್ರಮಾಣಪತ್ರ ಯಾವುದೂ ಇಲ್ಲದೆ ಮೂರ್ನಾಲ್ಕು ವರ್ಷದಲ್ಲಿ ಭಾಷೆಯೊಂದರಲ್ಲಿ ಪಾಠ ಹೇಳುವ ಮಟ್ಟ ಮುಟ್ಟಿದವರು ನಮ್ಮೂರಲ್ಲಿದ್ದರು ಎಂಬುದು ಭಾಷೆ ಕಲಿಯುವ ಮಕ್ಕಳಿಗೆ ಹೇಳಬೇಕಾದ ಸಂಗತಿ. ಕೋಟ್ನೀಸರನ್ನು ಬರೀ ತ್ಯಾಗದ ಪ್ರತಿಮೆ ಮಾಡಿ ಹಾರ ಹಾಕಿ ಬರುತ್ತೇವೆ. ಅವರ ಭಾಷಾಭ್ಯಾಸದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಇನ್ನು ಪದವಿಯ ವಿಚಾರ. ಜಪಾನಿಯಲ್ಲಿ ಬಿ.ಎ., ಎಂ.ಎ. ಓದಬೇಕೆಂದ ಈ ಭಾಗದವರಿಗೆ ಹತ್ತಿರದ ಊರು ಪುಣೆ. ತಿಲಕ್ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಜಪಾನಿ ಪದವಿ ತರಗತಿಗಳಿವೆ. ಫರ್ಗ್ಯುಸನ್ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ ಪುಣೆ ವಿಶ್ವವಿದ್ಯಾಲಯದ ವಿದೇಶಿ ಭಾಷೆಗಳ ವಿಭಾಗವಿದೆ. ಬೇರೆ ಪದವಿ ಓದುತ್ತಲೇ ಅಲ್ಲಿ ಸರ್ಟಿಫಿಕೇಟ್, ಡಿಪ್ಲೊಮಾ ಮಾಡಿಕೊಳ್ಳುವವರು ಬಹಳ. ದೂರ ಹೋಗುವವರಿಗೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಶಾಂತಿನಿಕೇತನದ ನಿಪ್ಪಾನ್ ಭವನ. ಎಂ.ಎ. ಆದ ಮೇಲೆ ಕಾಲೇಜಿನಲ್ಲಿ ಪಾಠ ಹೇಳಬೇಕೆಂದರೆ ಯುಜಿಸಿ ನೆಟ್ ಇದೆ, ಅದರ ವಿಷಯಗಳ ಪಟ್ಟಿಯಲ್ಲಿ ಜಪಾನಿಯೂ ಸೇರಿದೆ.

ಬೆಳಿಗ್ಗೆ ಸೊಲ್ಲಾಪುರದಿಂದ ಹೊರಡುವ ಹುತಾತ್ಮಾ ಎಕ್ಸ್‌ಪ್ರೆಸ್ ನಾಲ್ಕು ತಾಸಿನಲ್ಲಿ ಪುಣೆ ಮುಟ್ಟಿಸುತ್ತದೆ. ಪುಣೆಗೆ ಹೋಗಿ ಓದಿ ಮಾಸ್ತರರಾಗುವುದು ಈ ಸೀಮೆಯ ಹಳೆಯ ದಾರಿ. ಧಾರವಾಡದ ದ.ರಾ. ಬೇಂದ್ರೆ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ. ಮಾಡಿದವರು, ಮುಂದೆ 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದರು.

ಪದವಿಯ ಜೊತೆಗೆ ಎಲ್ಲರೂ ಕೇಳುವುದು ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಪ್ರಮಾಣಪತ್ರ. 1984ರಲ್ಲಿ ಶುರುವಾದ ಈ ಪರೀಕ್ಷೆಗೆ 2010ರಿಂದ ಐದು ಹಂತ. ಎನ್5 ಸುಲಭದ್ದು, ಎನ್1 ಕಠಿಣ. ಪಾಠ ಹೇಳುವವರು ಎನ್2 ಆದರೂ ಮುಗಿಸಿರಬೇಕೆಂಬುದು ಸಾಮಾನ್ಯ ನಿರೀಕ್ಷೆ. ಲಿಪಿಯ ಭಾರ ಬೇರೆ: ಹಿರಗನ 46, ಕತಕನ 46, ಅದರ ಮೇಲೆ ದಿನಬಳಕೆಯ ಕಾಂಜಿ ಎಂದು ಜಪಾನ್ ಸರ್ಕಾರ ಪಟ್ಟಿ ಮಾಡಿರುವ 2,136 ಅಕ್ಷರ. ಇಲ್ಲಿ ಕನ್ನಡದ ಅನುಕೂಲ ಏನೂ ನಡೆಯುವುದಿಲ್ಲ, ಬರೆದು ಬರೆದು ಕೈ ಸೋಲಬೇಕು. ಈ ಪರೀಕ್ಷೆಯದೊಂದು ವಿಚಿತ್ರವಿದೆ: ಓದುವುದನ್ನೂ ಕೇಳುವುದನ್ನೂ ಅಳೆಯುತ್ತದೆ, ಒಂದು ಮಾತನ್ನೂ ಆಡಿಸುವುದಿಲ್ಲ. ಬಾಯಿ ಬಿಡದೆ ಎನ್2 ದಾಟಿದವರು ತರಗತಿಯಲ್ಲಿ ನಿಂತಾಗ ತಡವರಿಸುವುದು ಅದಕ್ಕೇ.

ಭಾಷೆ ಗೊತ್ತಿರುವುದು ಒಂದು, ಕಲಿಸುವುದು ಇನ್ನೊಂದು. ಜಪಾನಿ ಶಿಕ್ಷಕರ ತರಬೇತಿಯಲ್ಲಿ ಮೊದಲು ರೂಢಿಸುವುದು ‘ಕ್ಯೋಆನ್’ ಅಂದರೆ ಪಾಠ ಟಿಪ್ಪಣಿ ಬರೆಯುವುದು. ಇವತ್ತಿನ ಪಾಠದಲ್ಲಿ ಶಿಕ್ಷಕರು ಆಡುವ ಮಾತಿನಲ್ಲಿ ಮಕ್ಕಳು ಇನ್ನೂ ಕಲಿಯದ ರೂಪ ನುಸುಳಬಾರದು. ಚಿತ್ರ ತೋರಿಸಿ, ಸನ್ನೆ ಮಾಡಿ, ಅಭಿನಯಿಸಿ ಅರ್ಥ ಮುಟ್ಟಿಸಬೇಕು. ಜಪಾನಿನೊಳಗೆ 2024ರ ಏಪ್ರಿಲ್‌ನಿಂದ ‘ನೋಂದಾಯಿತ ಜಪಾನಿ ಭಾಷಾ ಶಿಕ್ಷಕ’ ಎಂಬ ರಾಷ್ಟ್ರೀಯ ಅರ್ಹತೆ ಜಾರಿಗೆ ಬಂದಿದೆ. ಅದರ ಮೊದಲ ಪರೀಕ್ಷೆ ಅದೇ ವರ್ಷದ ನವೆಂಬರಿನಲ್ಲಿ ನಡೆಯಿತು. ಅದಕ್ಕೆ ರಾಷ್ಟ್ರೀಯತೆಯ ನಿರ್ಬಂಧವಿಲ್ಲ; ಅಕ್ಕಲಕೋಟೆಯವರೂ ಬರೆಯಬಹುದು.

ಶಿಕ್ಷಕರು ಬೇಕೆಂದು ಸರ್ಕಾರಗಳೂ ಹೇಳುತ್ತಲೇ ಇವೆ. 2017ರಲ್ಲಿ ಪ್ರಧಾನಿ ಮೋದಿ ಮತ್ತು ಜಪಾನಿನ ಅಂದಿನ ಪ್ರಧಾನಿ ಶಿಂಜೊ ಅಬೆ ಕೂಡಿ, ಐದು ವರ್ಷದಲ್ಲಿ ಭಾರತದ 100 ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಜಪಾನಿ ಸರ್ಟಿಫಿಕೇಟ್ ಕೋರ್ಸು ತೆರೆಯುತ್ತೇವೆ, 1,000 ಶಿಕ್ಷಕರನ್ನು ತಯಾರು ಮಾಡುತ್ತೇವೆ ಎಂದರು. ಮರುವರ್ಷ ದೆಹಲಿಯಲ್ಲಿ ಶಿಕ್ಷಕರ ತರಬೇತಿ ಕೇಂದ್ರ ಶುರುವಾಯಿತು. 2025ರ ಆಗಸ್ಟ್‌ನಲ್ಲಿ, ಐದು ವರ್ಷದಲ್ಲಿ ಎರಡೂ ಕಡೆಯಿಂದ 5 ಲಕ್ಷ ಜನರ ಓಡಾಟ, ಅದರಲ್ಲಿ ಭಾರತದಿಂದ 50,000 ಕುಶಲ ಕೆಲಸಗಾರರು ಎಂಬ ಗುರಿ ಪ್ರಕಟವಾಯಿತು. ಹೋಗುವವರಿಗೆಲ್ಲ ಭಾಷೆ ಕಲಿಸುವವರು ಯಾರು? ಎನ್2 ಮುಗಿಸಿದವರನ್ನು ಕಂಪನಿಗಳು ಅನುವಾದಕ್ಕೆ, ದುಭಾಷಿ ಕೆಲಸಕ್ಕೆ ಕರೆದೊಯ್ಯುತ್ತವೆ, ಸಂಬಳವೂ ಅಲ್ಲೇ ಹೆಚ್ಚು. ಮಾಸ್ತರಿಕೆಗೆ ಉಳಿಯುವವರು ತಾಸಿನ ಲೆಕ್ಕದಲ್ಲಿ ದುಡಿಯುವವರು. ಪುಣೆಯ ರೂಮು ಬಾಡಿಗೆ, ಮೆಸ್ಸಿನ ಖರ್ಚು ಹೊತ್ತು ನಾಲ್ಕೈದು ವರ್ಷ ಓದಿದ ರೈತರ ಮಗಳಿಗೆ ಈ ಆಯ್ಕೆ ಸುಲಭದ್ದಲ್ಲ.

ನನಗೆ ಇನ್ನೂ ದೊಡ್ಡ ಕೊರತೆಯಾಗಿ ಕಾಣುವುದು ಬೇರೆ. ಕನ್ನಡ ಶಾಲೆಯಲ್ಲಿ ಓದಿ, ಮರಾಠಿಯನ್ನೂ ಬಲ್ಲ ಹುಡುಗಿಗೆ ಜಪಾನಿ ವ್ಯಾಕರಣವನ್ನು ತರಗತಿಯಲ್ಲಿ ಇಂಗ್ಲಿಷಿನಲ್ಲಿ ವಿವರಿಸುತ್ತಾರೆ. ‘ತಿಂದು ನೋಡು’ ಎಂದು ಒಂದೇ ಏಟಿಗೆ ಹೇಳಬಹುದಾದದ್ದು ಇಂಗ್ಲಿಷಿನ ಸುತ್ತುಬಳಸಿನಲ್ಲಿ ಅವಳ ತಲೆ ಮುಟ್ಟಬೇಕು. ಬೊಂಬಾಯಿಗೆ ಹೋಗಿ ಪಕ್ಕದ ಹೊಟಗಿಗೆ ಬಂದಂತೆ. ಮರಾಠಿಯಲ್ಲೂ ‘ಖಾಊನ್ ಬಘ’, ‘ಜಾಊನ್ ಯೇತೋ’ ಇವೆ. ಪುಣೆ ಇಷ್ಟೊಂದು ಜಪಾನಿ ಶಿಕ್ಷಕರನ್ನು ಕೊಟ್ಟದ್ದಕ್ಕೆ ಅದೂ ಒಂದು ಕಾರಣವಿರಬಹುದೆಂದು ನನ್ನ ಊಹೆ. ಎರಡು ಭಾಷೆಗಳ ಬಲವೂ ಇರುವ ಗಡಿಯ ಮಕ್ಕಳು ಈ ಕಸುಬಿಗೆ ಹೇಳಿ ಮಾಡಿಸಿದವರು. ಸೊಲ್ಲಾಪುರದ ಪುಣ್ಯಶ್ಲೋಕ ಅಹಲ್ಯಾದೇವಿ ಹೋಳ್ಕರ್ ವಿಶ್ವವಿದ್ಯಾಲಯವೂ ಇಲ್ಲಿನ ಕಾಲೇಜುಗಳ ಕನ್ನಡ, ಮರಾಠಿ ಅಧ್ಯಾಪಕರೂ ಕೂಡಿ, ಕನ್ನಡದಲ್ಲಿ ಮರಾಠಿಯಲ್ಲಿ ವಿವರಣೆಯಿರುವ ಒಂದು ಜಪಾನಿ ವ್ಯಾಕರಣ ಪುಸ್ತಕ ತರಲಿ. ಅದಕ್ಕೆ ದೊಡ್ಡ ಕಟ್ಟಡವೂ ಬೇಡ, ದೊಡ್ಡ ಅನುದಾನವೂ ಬೇಡ. ಪುಣೆಯಲ್ಲಿ ಓದಿ ಮುಗಿಸಿದ ನಮ್ಮ ಕಡೆಯ ಹುಡುಗರಲ್ಲಿ ಒಂದಿಬ್ಬರನ್ನು ಕರೆದು ಕೂರಿಸಿಕೊಂಡರೆ ಸಾಕು.

ಆಸಕ್ತಿಯಿರುವ ಮಕ್ಕಳಿಗೆ ಒಂದು ಮಾತು: ಜೆಎಲ್‌ಪಿಟಿ ಜುಲೈ ಮತ್ತು ಡಿಸೆಂಬರ್ ತಿಂಗಳುಗಳ ಮೊದಲ ಭಾನುವಾರ ನಡೆಯುತ್ತದೆ. ಪುಣೆಯೂ ಪರೀಕ್ಷಾ ಕೇಂದ್ರ. ಅರ್ಜಿ ತೆಗೆದುಕೊಳ್ಳುವುದು ತಿಂಗಳುಗಳ ಮೊದಲೇ ಮುಗಿಯುತ್ತದೆ, ಪುಣೆಯ ಜಾಗಗಳು ಬೇಗ ತುಂಬಿಹೋಗುತ್ತವೆ. ಎನ್5ರಿಂದ ಶುರು ಮಾಡಿ, ಅರ್ಜಿ ತೆರೆದ ದಿನವೇ ತುಂಬಿ.