ಪುರಂದರದ ನೆಲವೂ ವಿಮಾನಗಳ ವಿಳಂಬವೂ

ಕನ್ನಡಿಗರು ಮೈಲಾರನೆಂದು ಪೂಜಿಸುವ ಖಂಡೋಬನ ಜೇಜುರಿಯು ಪುರಂದರ ತಾಲ್ಲೂಕಿನಲ್ಲಿದೆ. ಪುಣೆಯ ಹೊಸ ವಿಮಾನ ನಿಲ್ದಾಣವು ಯೋಜಿತವಾಗಿರುವುದೂ ಇದೇ ತಾಲ್ಲೂಕಿನ ಏಳು ಗ್ರಾಮಗಳ ರೈತರ ನೆಲದಲ್ಲಿ. ವಾಯುಸೇನೆಯ ನೆಲೆಯಾದ ಲೋಹಗಾಂವಿನ ಇಕ್ಕಟ್ಟು ಇದಕ್ಕೆ ಕಾರಣವೆನ್ನುತ್ತಾರೆ, ದಿಟವೇ. ಆದರೆ ವಿಳಂಬಕ್ಕೆ ನೆಲದ ಕೊರತೆಯೊಂದೇ ಮೂಲವಲ್ಲ. ಕೋವಿಡ್ ಕಾಲದಲ್ಲಿ ಸಿಬ್ಬಂದಿಯನ್ನು ಕಡಿತಗೊಳಿಸಿದ ವಿಮಾನೋದ್ಯಮಕ್ಕೆ, ಪ್ರಯಾಣಿಕರು ಮರಳಿದ ವೇಗದಲ್ಲಿ ತರಬೇತಿ ಪಡೆದ ಜನರು ದೊರೆಯಲಿಲ್ಲ; 2022ರಲ್ಲಿ ಲಂಡನ್ನಿನ ಹೀಥ್ರೋ ನಿಲ್ದಾಣವೇ ದಿನವೊಂದಕ್ಕೆ ಹೊರಡುವವರ ಸಂಖ್ಯೆಯನ್ನು 1,00,000ಕ್ಕೆ ಮಿತಿಗೊಳಿಸಬೇಕಾಯಿತು. ನಮ್ಮಲ್ಲಿ ಚಾಲಕರ ವಾರದ ವಿಶ್ರಾಂತಿಯನ್ನು 48 ಗಂಟೆಗೇರಿಸಿ, ರಾತ್ರಿಯ ಇಳಿತಗಳನ್ನು ಮಿತಗೊಳಿಸಿದ ನಿಯಮಕ್ಕೆ (ನ್ಯಾಯವಾದುದೇ ಸರಿ) ಇಂಡಿಗೋ ಸಾಕಷ್ಟು ಚಾಲಕರನ್ನು ಅಣಿಗೊಳಿಸಿರಲಿಲ್ಲ. 2025ರ ಡಿಸೆಂಬರಿನಲ್ಲಿ ಸಿಬ್ಬಂದಿಯಿಲ್ಲದೆ ನಿಂತ ಅದರ ವಿಮಾನಗಳು ಪುಣೆಯ ನಿಲುಗಡೆಯ ತಾಣಗಳಲ್ಲಿ ಬಹುಪಾಲನ್ನು ಆಕ್ರಮಿಸಲು, ಅನ್ಯ ಸಂಸ್ಥೆಗಳ ವಿಮಾನಗಳೂ ಕಾಯಬೇಕಾಯಿತು. ಪುರಂದರದ ವಿಶಾಲವಾದ ಅಂಗಳವಿದ್ದಿದ್ದರೆ ಆ ಅನ್ಯರು ಕಾಯುತ್ತಿರಲಿಲ್ಲ. ಇಂಡಿಗೋ ಪ್ರಯಾಣಿಕರು ಮಾತ್ರ ಕಾಯುತ್ತಲೇ ಇರುತ್ತಿದ್ದರು.