ಕುಟುಂಬಸಮೇತ ಕದಂಬೋತ್ಸವಕ್ಕೆ

ಚಳಿಯು ಹಿಂದೆಗೆದು ಬಿಸಿಲು ಬಲಿಯತೊಡಗಿದೊಡನೆಯೇ ಶಿಕಾರಿಪುರ ಸೊರಬಗಳ ಅನೇಕ ಮನೆಗಳಲ್ಲಿ ಬನವಾಸಿಯ ಕದಂಬೋತ್ಸವದ ಮಾತು ಏಳುವುದು. ರಾಜ್ಯ ಸರ್ಕಾರದವರು ನಡೆಯಿಸುವ ಈ ಉತ್ಸವವು ಸಾಮಾನ್ಯವಾಗಿ ಎರಡು ದಿನಗಳದು. ಮೆರವಣಿಗೆ, ಡೊಳ್ಳು, ಸಂಗೀತ, ನೃತ್ಯ ಇವೆಲ್ಲವೂ ಅಲ್ಲಿ ನೋಡತಕ್ಕವೇ. ಆದರೂ ಹೋಗಿಬಂದವರನ್ನು ಮರುದಿನ ವಿಚಾರಿಸಿದರೆ, “ಜನವೋ ಜನ, ಧೂಳೋ ಧೂಳು” ಎಂಬುದಷ್ಟೇ ಉತ್ತರವಾಗಿ ಬರುವುದುಂಟು. ಮಕ್ಕಳಿಗೆ ಕಂಡುದು ಮುಂದೆ ನಿಂತವರ ಬೆನ್ನು. ಅಜ್ಜಿಗೆ ದೊರೆತುದು ಕಾಲುನೋವು. ಮನೆಯೊಡತಿಗಂತೂ ನಸುಕಿನಲ್ಲಿ ಒಲೆಯ ಮುಂದೆ ಮೊದಲಾದ ದಿನವು ನಡುರಾತ್ರಿ ಪಾತ್ರೆ ತೊಳೆಯುವುದರಲ್ಲಿ ಮುಗಿಯಿತು. ಒಂದು ದಿನವನ್ನೂ ಹಣವನ್ನೂ ವ್ಯಯಮಾಡಿ ಪಡೆದ ಫಲ ಇಷ್ಟೇ ಆಗಬೇಕೆ? ಸ್ವಲ್ಪ ಮುಂದಾಲೋಚನೆಯಿದ್ದರೆ ಹೀಗಾಗದೆಂದು ನಮ್ಮ ಅಭಿಪ್ರಾಯ.

ಗತಕಾಲವನ್ನು ಒಂದು ದಿನದ ಮಟ್ಟಿಗೆ ಕಣ್ಣೆದುರಿಗೆ ತಂದುಕೊಳ್ಳುವ ಆಸೆ ಎಲ್ಲ ದೇಶದವರಿಗೂ ಉಂಟು. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ 1963ರಲ್ಲಿ ‘ರಿನೈಸಾನ್ಸ್’ ಜಾತ್ರೆಯೊಂದು ಮೊದಲಾಯಿತು. ಅಂಥವು ಈಗ ಆ ದೇಶದ ನಾನಾ ಕಡೆ ನಡೆಯುವುವು. ಜನರು 16ನೆಯ ಶತಮಾನದ ಇಂಗ್ಲೆಂಡಿನ ಉಡುಪು ತೊಟ್ಟು, ಅದಕ್ಕೆಂದೇ ಕಟ್ಟಿದ ಕೃತಕ ಹಳ್ಳಿಯಲ್ಲಿ ಸಂಸಾರಸಮೇತ ವಿಹರಿಸುವರು. ಅಲ್ಲಿ ಮೆರೆಯುವ ಎಲಿಜಬೆತ್ ರಾಣಿಯು ಆ ನೆಲವನ್ನು ಎಂದೂ ಮೆಟ್ಟಿದವಳಲ್ಲ. ನಮಗಾದರೋ ಕದಂಬರು ನಡೆದಾಡಿದ ನೆಲವೂ ಅವರ ಕಾಲದಲ್ಲಿ ಬರೆದ ಕಲ್ಲೂ ಉತ್ಸವಕ್ಕೆ ಹೋಗುವ ದಾರಿಯಲ್ಲಿಯೇ ಇರುವುವು. ಆದುದರಿಂದ ನಮ್ಮ ಸಲಹೆ ಒಂದೇ: ಹಗಲಿನಲ್ಲಿ ಕಲ್ಲನ್ನು ನೋಡಿ, ಸಂಜೆಗೆ ವೇಷವನ್ನು ನೋಡಿರಿ. ಕಲ್ಲನ್ನು ಕಂಡ ಮಗುವಿಗೆ ವೇಷದ ಅರ್ಥವಾಗುವುದು. ಕಾಣದ ಮಗುವಿಗೆ ಅದು ಬಣ್ಣದ ಬಟ್ಟೆ ಮಾತ್ರ.

ಶಿಕಾರಿಪುರದಿಂದ ಹೊರಡುವವರು ಶಿರಾಳಕೊಪ್ಪದ ಸಮೀಪದ ತಾಳಗುಂದದಲ್ಲಿ ಮೊದಲು ಇಳಿಯತಕ್ಕದ್ದು. ಪ್ರಣವೇಶ್ವರ ದೇವಾಲಯದ ಮುಂದಿರುವ ಕಂಬವು 5ನೆಯ ಶತಮಾನದ್ದು. ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿಯು ತಾನು ರಚಿಸಿದ ಸಂಸ್ಕೃತ ಕಾವ್ಯವನ್ನು ತಾನೇ ಈ ಕಲ್ಲಿನ ಮೇಲೆ ಬರೆದನು. ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ವಿದ್ಯಾರ್ಜನೆಗೆಂದು ಪಲ್ಲವರ ಕಂಚಿಗೆ ಹೋದುದು, ಅಲ್ಲಿ ಕುದುರೆಸವಾರನೊಡನೆ ಕಲಹವಾದುದು, ಅವಮಾನವನ್ನು ಸಹಿಸದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದುದು, ಇವೆಲ್ಲವನ್ನೂ ಈ ಕಂಬವು ಹೇಳುವುದು. ಕಾಕುಸ್ಥವರ್ಮನು ಇಲ್ಲಿನ ಶಿವಾಲಯಕ್ಕಾಗಿ ಕೆರೆಯನ್ನು ಕಟ್ಟಿಸಿದ ವೃತ್ತಾಂತವೂ ಇದರಲ್ಲಿರುವುದು. 1975ರ ‘ಮಯೂರ’ ಚಲಚ್ಚಿತ್ರವನ್ನು ಕಂಡ ಹಿರಿಯರು ಜೊತೆಯಲ್ಲಿದ್ದರೆ ಕಥೆ ಹೇಳುವ ಭಾರವನ್ನು ಅವರಿಗೇ ವಹಿಸಿರಿ. ಓದು ಬಾರದ ಮಗುವೂ ಕಂಬದ ಅಕ್ಷರಗಳನ್ನು ದೃಷ್ಟಿಯಿಟ್ಟು ನೋಡಲಿ; ಮುಟ್ಟಿ ಉಜ್ಜದಂತೆ ಮಾತ್ರ ಎಚ್ಚರಿಸಿರಿ.

ಶಿರಾಳಕೊಪ್ಪದ ಮತ್ತೊಂದು ಪಕ್ಕದಲ್ಲಿ, ಶಿಕಾರಿಪುರಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಬಳ್ಳಿಗಾವಿಯಿರುವುದು. ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯವೂ 1047ರ ಗಂಡಭೇರುಂಡ ಸ್ತಂಭವೂ ಇಲ್ಲಿಯವು. ಇಲ್ಲಿನ ಕೋಡಿಯ ಮಠವನ್ನು ಕುರಿತ 1162ರ ಶಾಸನವನ್ನು ಗೃಹಿಣಿಯರು ತಿಳಿದಿರುವುದು ಯುಕ್ತ. ಆ ಮಠದಲ್ಲಿ ವೇದ ವ್ಯಾಕರಣಾದಿಗಳ ಪಾಠದ ಜೊತೆಗೆ ಕುಂಟರಿಗೆ, ಕುರುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ ಅನ್ನವನ್ನೂ, ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದರು. ಸಂಜೆ ವೇದಿಕೆಯ ಮೇಲೆ ಹಾಡುವವರನ್ನು ಕಂಡಾಗ, ಕಲಾವಿದನಿಗೆ ಎಲೆ ಹಾಕುವ ಈ ಸೀಮೆಯ ಪದ್ಧತಿ ಎಂಟು ಶತಮಾನಗಳಿಗಿಂತ ಹಳೆಯದೆಂದು ಮಕ್ಕಳಿಗೆ ಹೇಳಬಹುದು.

ಸೊರಬದಿಂದ ಬರುವವರಿಗೆ ಇಷ್ಟು ಸುತ್ತುವುದು ಆಯಾಸಕರ. ಅವರು ಆನವಟ್ಟಿಯ ಮಾರ್ಗವನ್ನು ಹಿಡಿದು ಕುಬಟೂರಿನ ಕೋಟಿಪುರದಲ್ಲಿ ಕೈಟಭೇಶ್ವರ ದೇವಾಲಯವನ್ನು ನೋಡಿಕೊಂಡು ಬನವಾಸಿಗೆ ಹೋಗಲಿ. ಚಂದ್ರಗುತ್ತಿಯ ಕೋಟೆಯನ್ನು ಬೇರೊಂದು ದಿನಕ್ಕೆ ಇಟ್ಟುಕೊಳ್ಳುವುದೇ ಲೇಸು. ಬೆಟ್ಟ ಹತ್ತಿದ ಕಾಲುಗಳು ಸಂಜೆಯ ಜನಸಂದಣಿಯನ್ನು ತಾಳಲಾರವು. ಯಾವ ಊರಿನವರೇ ಆಗಲಿ, ಹಗಲಿಗೆ ಎರಡು ಸ್ಥಳಗಳು ಸಾಕು. ನಾಲ್ಕು ಗುಡಿಗಳನ್ನು ಓಡುತ್ತ ನೋಡಿದವನಿಗೆ ಒಂದೂ ನೆನಪಿನಲ್ಲಿ ಉಳಿಯದು.

ಇನ್ನು ಮನೆಯ ಏರ್ಪಾಡು. ಉತ್ಸವದ ತಾರೀಖು ವರ್ಷವರ್ಷವೂ ಬದಲಾಗುವುದರಿಂದ ಪ್ರಕಟಣೆಯನ್ನು ನೋಡಿಯೇ ವಾಹನವನ್ನು ಗೊತ್ತುಮಾಡಿರಿ. ಕಾರ್ಯಕ್ರಮಗಳು ಬಹುಕಾಲ ರಾತ್ರಿಯವರೆಗೂ ನಡೆಯುವುವು. ಹಿಂದಿರುಗುವ ವ್ಯವಸ್ಥೆಯಿಲ್ಲದೆ ಹೊರಡುವುದು ವಿವೇಕವಲ್ಲ. ಬುತ್ತಿಯ ಕೆಲಸವನ್ನು ಎಲ್ಲರೂ ಹಂಚಿಕೊಳ್ಳತಕ್ಕದ್ದು. ರೊಟ್ಟಿ, ಚಟ್ನಿಪುಡಿ, ಹುರಿದ ಅವಲಕ್ಕಿ, ಕೋಡುಬಳೆ ಇವು ಹಿಂದಿನ ದಿನವೇ ಸಿದ್ಧವಾಗಲಿ. ಗಂಡಸರು ನೀರನ್ನೂ ಮಜ್ಜಿಗೆಯನ್ನೂ ತುಂಬಿಸಿ ಹೊತ್ತುಕೊಳ್ಳಲಿ. ಬಾಳೆಯೆಲೆಯಲ್ಲಿ ಉಂಡರೆ ರಾತ್ರಿ ತೊಳೆಯುವ ಪಾತ್ರೆಯೂ ಇರದು. ಮನೆಯವರೆಲ್ಲ ವಿಹರಿಸುವಾಗ ಒಬ್ಬಾಕೆ ಮಾತ್ರ ಅಡುಗೆಮನೆಯನ್ನು ಹೆಗಲ ಮೇಲೆ ಹೊತ್ತು ತಿರುಗುವುದಾದರೆ ಅದನ್ನು ಕುಟುಂಬದ ವಿಹಾರವೆಂದು ಹೇಗೆ ಕರೆಯೋಣ? ಚಿಕ್ಕ ಮಕ್ಕಳ ಜೇಬಿನಲ್ಲಿ ಹೆಸರನ್ನೂ ಹಿರಿಯರ ದೂರವಾಣಿಯ ಸಂಖ್ಯೆಯನ್ನೂ ಬರೆದ ಚೀಟಿಯಿರಲಿ. ಮಗು ಕಣ್ಮರೆಯಾದರೆ ಎಲ್ಲರೂ ಕೂಡತಕ್ಕ ಒಂದು ಗುರುತಿನ ಸ್ಥಳವನ್ನು ಹೋದೊಡನೆಯೇ ನಿಶ್ಚಯಿಸಿಕೊಳ್ಳಿರಿ.

ಮಧ್ಯಾಹ್ನ ಮೂರು ಗಂಟೆಯ ವೇಳೆಗೆ ಬನವಾಸಿಯನ್ನು ಸೇರಿದರೆ ಜನ ನೆರೆಯುವ ಮೊದಲೇ ಮಧುಕೇಶ್ವರನ ದರ್ಶನವಾಗುವುದು. ಕೆತ್ತನೆಯ ಕಲ್ಲುಮಂಚವನ್ನು ಮಕ್ಕಳಿಗೆ ತೋರಿಸಲು ಮರೆಯಬಾರದು. ಊರನ್ನು ಬಳಸಿ ಹರಿಯುವ ವರದಾ ನದಿಯನ್ನು ಕಂಡು, ಅಜ್ಜಿಗೆ ನೆರಳಿನಲ್ಲಿ ಒಂದು ಗಳಿಗೆ ವಿಶ್ರಾಂತಿ ಕೊಟ್ಟು, ಅನಂತರ ಉತ್ಸವದ ಬಯಲಿಗೆ ಹೋಗಬಹುದು. ಆದಿಕವಿ ಪಂಪನು 10ನೆಯ ಶತಮಾನದಲ್ಲಿ ತನ್ನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಹಂಬಲಿಸಿದ ನಾಡು ಇದೇ ಎಂದು ಅಲ್ಲಿ ಹೇಳಿದರೆ ಮಾತು ಮನಸ್ಸಿಗೆ ನಾಟುವುದು. ರಾಜವೇಷವು ಎದುರಿಗೆ ಬಂದಾಗ, ಬೆಳಗ್ಗೆ ಕಂಬವನ್ನು ಕಂಡ ಹುಡುಗನೇ ತಂಗಿಗೆ, “ಇವನೇ ಕಂಚಿಯಲ್ಲಿ ಜಗಳವಾಡಿದವನು” ಎಂದು ವಿವರಿಸಿದರೆ ಆಶ್ಚರ್ಯವಿಲ್ಲ.

ಮಕ್ಕಳ ಕಣ್ಣು ಎಳೆಯತೊಡಗಿದಾಗ, ಇನ್ನೂ ಒಂದು ಹಾಡಾಗಲಿ ಎಂಬ ಆಸೆಯನ್ನು ಬಿಟ್ಟು ಏಳಿರಿ. ಮರುದಿನದ ಊಟದ ಹೊತ್ತಿಗೆ ಪ್ರತಿಯೊಬ್ಬರೂ ತಾವು ಕಂಡ ಒಂದೊಂದು ಸಂಗತಿಯನ್ನು ಹೇಳಲಿ. ಮೊದಲ ಸರದಿ ಮನೆಯೊಡತಿಯದಾಗಿರಲಿ. ಆಕೆಗೆ ಹೇಳುವುದಕ್ಕೇನಾದರೂ ಇದ್ದರೆ ಪ್ರಯಾಣವು ಸಫಲವಾಯಿತೆಂದು ತಿಳಿಯಬಹುದು.