ಹೆಸರಿಗೆ ತಕ್ಕ ಬಂಡಿ

ವರ್ಷಕ್ಕೆ ಲಕ್ಷಗಟ್ಟಲೆ ಕಾರುಗಳನ್ನು ಮಾರುವ ಕಾರ್ಖಾನೆಗಳಲ್ಲಿ ಹೆಸರಿಡುವುದೂ ಒಂದು ವ್ಯಾಪಾರದ ಕೆಲಸ. ಹತ್ತು ದೇಶಗಳವರ ನಾಲಿಗೆಗೆ ಒಗ್ಗಬೇಕು, ಯಾವ ಭಾಷೆಯಲ್ಲೂ ಅಪಾರ್ಥವಾಗಬಾರದು, ಅಷ್ಟಾದರೆ ಸಾಕು. ಆದರೆ ಎಪ್ಪತ್ತೋ ನೂರೋ ಬಂಡಿಗಳನ್ನು ಕಟ್ಟಿ ಅಲ್ಲಿಗೆ ನಿಲ್ಲಿಸುವವರ ಮಾತು ಬೇರೆ. ಅಂಥ ಬಂಡಿಯನ್ನು ಕಣ್ಣಾರೆ ಕಂಡವರು ಕಡಿಮೆ, ಓಡಿಸಿದವರು ಇನ್ನೂ ಕಡಿಮೆ. ಉಳಿದವರ ಪಾಲಿಗೆ ದಕ್ಕುವುದು ಒಂದು ಚಿತ್ರ ಮತ್ತು ಒಂದು ಹೆಸರು. ಆದ್ದರಿಂದಲೇ ಬ್ರಿಟನ್ನಿನ ಅಪರೂಪದ ಸೂಪರ್‌ಕಾರುಗಳ ಅಭಿಮಾನಿಗಳು ಎಂಜಿನಿನ ವಿಷಯದಲ್ಲಿ ಹೇಗೋ ಹೆಸರಿನ ವಿಷಯದಲ್ಲೂ ಹಾಗೆಯೇ ಪಟ್ಟು ಹಿಡಿದು ವಾದಿಸುತ್ತಾರೆ.

ಸೂಪರ್‌ಕಾರು ಸಂಸಾರಕ್ಕೆ ಒದಗುವ ವಾಹನವಲ್ಲ. ಇಬ್ಬರು ಕುಳಿತರೆ ತುಂಬಿತು. ವೇಗವೇ ಅದರ ಗುರಿ. ಬೆಲೆ ನಮ್ಮ ನಿಮ್ಮಂಥವರ ಕೈಗೆ ಎಟುಕುವಂಥದಲ್ಲ. ಆದರೂ ಹೆಸರಿಡುವ ಕಷ್ಟಸುಖ ನಾವೂ ಬಲ್ಲೆವಾದ್ದರಿಂದ ಈ ವಾದದಲ್ಲಿ ಒಂದು ಮಾತು ಸೇರಿಸಬಹುದೆಂದು ತೋರುತ್ತದೆ. ಶಾಲೆಯ ವ್ಯಾಕರಣದಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಬಾಯಿಪಾಠ ಮಾಡಿದ್ದು ಓದುಗರಿಗೆ ನೆನಪಿರಬಹುದು. ಕಾರು ಎಂಬುದು ರೂಢನಾಮ. ಗುರುತಿಗಾಗಿ ಇಟ್ಟದ್ದು ಅಂಕಿತನಾಮ. ಗುಣವನ್ನು ನೋಡಿ ಇಟ್ಟದ್ದು ಅನ್ವರ್ಥನಾಮ. ಅಭಿಮಾನಿಗಳ ಜಗಳವೆಲ್ಲ ಕೊನೆಯ ಎರಡರ ನಡುವೆಯೇ ಇದೆ.

ಅಂಕಿತನಾಮಗಳಲ್ಲಿ ನಮ್ಮವರಿಗೆ ಬೇಗ ಅರ್ಥವಾಗುವುದು ಆಸ್ಟನ್ ಮಾರ್ಟಿನ್. ೧೯೧೩ರಲ್ಲಿ ಲಯನೆಲ್ ಮಾರ್ಟಿನ್ ಮತ್ತು ರಾಬರ್ಟ್ ಬ್ಯಾಮ್‌ಫರ್ಡ್ ಸೇರಿ ಆರಂಭಿಸಿದ ಸಂಸ್ಥೆ ಇದು. ಬಕಿಂಗ್‌ಹ್ಯಾಮ್‌ಷೈರಿನ ಆಸ್ಟನ್ ಗುಡ್ಡವನ್ನು ಕಾರಿನಲ್ಲಿ ಏರುವ ಪಂದ್ಯದಲ್ಲಿ ಮಾರ್ಟಿನ್ ಹೆಸರು ಮಾಡಿದರು. ಗುಡ್ಡದ ಹೆಸರು ಮುಂದೆ ನಿಂತಿತು, ಮನುಷ್ಯನ ಹೆಸರು ಹಿಂದೆ. ಕೋಟ ಶಿವರಾಮ ಕಾರಂತ, ಗುಬ್ಬಿ ವೀರಣ್ಣ ಎಂದು ಹೇಳಿ ರೂಢಿಯಾದ ನಮಗೆ ಇದರಲ್ಲಿ ಹೊಸತೇನಿದೆ? ಮುಂಬಯಿ, ಪುಣೆ, ದೆಹಲಿ ಸೇರಿದ ಮೇಲೂ ಹೆಸರಿನ ಮುಂದಿನ ಒಂದಕ್ಷರದಲ್ಲಿ ಊರನ್ನು ಹೊತ್ತು ತಿರುಗುವವರು ನಮ್ಮಲ್ಲಿ ಎಷ್ಟು ಮಂದಿ! ಮುಂದೆ ೧೯೪೭ರಲ್ಲಿ ಟ್ರ್ಯಾಕ್ಟರ್ ತಯಾರಕ ಡೇವಿಡ್ ಬ್ರೌನ್ ಈ ಕಂಪನಿಯನ್ನು ಕೊಂಡು, ಕಾರುಗಳಿಗೆ ತಮ್ಮ ಹೆಸರಿನ ಮೊದಲಕ್ಷರಗಳಾದ ‘ಡಿಬಿ’ಯನ್ನು ಇಟ್ಟರು. ೧೯೭೨ರಲ್ಲಿ ಅವರು ಕಂಪನಿಯನ್ನು ಮಾರಿದರು; ಇಂದು ಅವರೂ ಇಲ್ಲ. ಅಕ್ಷರಗಳು ಮಾತ್ರ ಉಳಿದಿವೆ.

ಬ್ಲ್ಯಾಕ್‌ಪೂಲಿನ ಟ್ರೆವರ್ ವಿಲ್ಕಿನ್ಸನ್ ತಮ್ಮ ಹೆಸರಿನಿಂದಲೇ ಮೂರಕ್ಷರ ಹೆಕ್ಕಿ ‘ಟಿವಿಆರ್’ ಎಂದರು. ಜೆಮ್ ಮಾರ್ಷ್ ಮತ್ತು ಫ್ರ್ಯಾಂಕ್ ಕಾಸ್ಟಿನ್ ತಲಾ ಅರ್ಧ ಹೆಸರು ಕೊಟ್ಟದ್ದರಿಂದ ‘ಮಾರ್ಕಾಸ್’ ಹುಟ್ಟಿತು. ಅವರ ಮೊದಮೊದಲ ಕಾರುಗಳ ಚೌಕಟ್ಟು ಮರದ್ದಾಗಿತ್ತು. ವೇಲ್ಸಿನಲ್ಲಿ ಜೈಲ್ಸ್ ಎಂಬ ಕಟುಕರೂ ಬರ್ನಾರ್ಡ್ ಎಂಬ ಜರ್ಮನ್ ಎಂಜಿನಿಯರರೂ ಕೂಡಿ ‘ಗಿಲ್ಬರ್ನ್’ ಕಟ್ಟಿದರು. ಪೇಟೆಯ ಜೋಡಿ ಪಾಲುದಾರರ ಅಂಗಡಿಯ ಬೋರ್ಡಿನಂತೆ ಕಾಣುವ ಈ ಹೆಸರುಗಳ ಮೇಲೆ ಹಳೆಯ ಅಭಿಮಾನಿಗಳಿಗೆ ಬಲು ಪ್ರೀತಿ. ಕಾರು ಕೆಟ್ಟರೆ ಯಾರನ್ನು ಕೇಳಬೇಕೆಂಬುದು ಬಾನೆಟ್ಟಿನ ಮೇಲೆಯೇ ಬರೆದಿದೆ ಎಂಬುದು ಅವರ ವಾದದ ಸಾರ.

ಕಾಲಿನ್ ಚಾಪ್‌ಮನ್ನರು ತಮ್ಮ ಕಂಪನಿಗೆ ಇಟ್ಟ ಹೆಸರು ‘ಲೋಟಸ್’, ಎಂದರೆ ಕಮಲ. ಕಾರುಗಳ ಹೆಸರುಗಳು ಮಾತ್ರ ಬಹುಪಾಲು ಇಂಗ್ಲಿಷಿನ ‘ಇ’ ಅಕ್ಷರದಿಂದಲೇ ಮೊದಲಾಗುತ್ತವೆ: ಎಲೀಟ್, ಎಲಾನ್, ಯೂರೋಪಾ, ಎಸ್ಪ್ರೀ. ೧೯೯೬ರಲ್ಲಿ ಮಾರಾಟಕ್ಕೆ ಬಂದ ‘ಎಲೀಸ್’ ಆಗಿನ ಅಧ್ಯಕ್ಷ ರೊಮಾನೊ ಆರ್ತಿಯೋಲಿಯವರ ಪುಟ್ಟ ಮೊಮ್ಮಗಳು ಎಲೀಸಾಳ ಹೆಸರು ಹೊತ್ತದ್ದು. ೨೦೧೯ರಲ್ಲಿ ವಿದ್ಯುತ್ತಿನಿಂದ ಓಡುವ ಸೂಪರ್‌ಕಾರೊಂದನ್ನು ೧೩೦ ಮಾತ್ರ ಕಟ್ಟುವುದಾಗಿ ಸಾರಿ, ಅದಕ್ಕೆ ‘ಎವಿಯಾ’ ಎಂದು ಹೆಸರಿಟ್ಟರು. ಇಂಗ್ಲಿಷಿನ ಬರಹ ನೋಡಿದರೆ ‘ಎವಿಜಾ’ ಎಂದೇ ಓದಬೇಕು. ಬಾಯಿಗೆ ಬಾರದ ಹೆಸರನ್ನು ಅಭಿಮಾನದಿಂದ ಕೂಗುವುದೆಂತು ಎಂದು ಕೆಲವರ ಆಕ್ಷೇಪ. ಮೊಮ್ಮಗಳ ಹೆಸರನ್ನು ಯಾರೂ ಆಕ್ಷೇಪಿಸಿದಂತಿಲ್ಲ.

ಇನ್ನು ಕೆಲವರು ಬೇರೆಡೆಯಿಂದ ಹೆಸರನ್ನು ಕಡ ತರುತ್ತಾರೆ. ಬ್ರಿಸ್ಟಲ್ ಕಂಪನಿ ಮೂಲದಲ್ಲಿ ವಿಮಾನ ಕಟ್ಟುತ್ತಿದ್ದದ್ದು. ಎರಡನೆಯ ಮಹಾಯುದ್ಧದ ತರುವಾಯ ಕಾರಿಗೂ ಕೈಹಾಕಿತು. ಮುಂದೆ ಅದರ ಬ್ಲೆನಿಮ್, ಬ್ಯೂಫೈಟರ್ ಮೊದಲಾದ ಕಾರುಗಳು ತಮ್ಮದೇ ಮನೆತನದ ವಿಮಾನಗಳ ಹೆಸರು ಪಡೆದವು. ೨೦೦೪ರ ಸುಮಾರಿಗೆ ಬಂದ ‘ಫೈಟರ್’ಗೂ ಮೊದಲನೆಯ ಮಹಾಯುದ್ಧದ ವಿಮಾನದ ಹೆಸರೇ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟಂತೆ ಇದು, ಯಾರೂ ತಪ್ಪೆನ್ನಲಾರರು. ಕಟ್ಟಿದ ಫೈಟರ್‌ಗಳು ಬೆರಳೆಣಿಕೆಯಷ್ಟು. ೨೦೨೦ರಲ್ಲಿ ಬ್ರಿಸ್ಟಲ್ ಕಾರು ಕಂಪನಿಯ ವ್ಯವಹಾರವೇ ಮುಗಿಯಿತು.

ಟಿವಿಆರ್‌ನವರು ಗ್ರೀಕ್ ಪುರಾಣದ ಮೊರೆಹೊಕ್ಕರು. ನರಕದ ಬಾಗಿಲು ಕಾಯುವ ಮೂರು ತಲೆಯ ನಾಯಿಯಿಂದ ‘ಸರ್ಬೆರಾ’ ಎಂಬ ಹೆಸರು ಬಂತು. ಅದರ ‘ಸ್ಪೀಡ್ ಟ್ವೆಲ್ವ್’ ಎಂಬ ರೂಪವನ್ನು ಒಡೆಯ ಪೀಟರ್ ವೀಲರ್ ಸ್ವತಃ ಓಡಿಸಿ ನೋಡಿ, ಇದು ರಸ್ತೆಗೆ ತಕ್ಕದ್ದಲ್ಲವೆಂದು ತೀರ್ಮಾನಿಸಿ ಯೋಜನೆಯನ್ನೇ ಕೈಬಿಟ್ಟರು. ಹೆಸರಿನ ಭೀಕರತೆ ಬಂಡಿಯಲ್ಲಿ ನಿಜವಾಗಿಯೂ ಇತ್ತೆಂಬುದಕ್ಕೆ ಅಭಿಮಾನಿಗಳು ಇಂದಿಗೂ ಇದನ್ನೇ ಸಾಕ್ಷಿಯಾಗಿ ಹೇಳುತ್ತಾರೆ.

ಅಂಕಿತನಾಮದ ಮಾತು ಇಷ್ಟಾಯಿತು. ಅನ್ವರ್ಥನಾಮದ ಕಷ್ಟವೇ ಬೇರೆ. ಗುಣವನ್ನು ಅಂಕಿಯಲ್ಲಿ ಹೇಳಿಬಿಟ್ಟರೆ ಯಾರು ಬೇಕಾದರೂ ಅಳೆದು ನೋಡಬಹುದಷ್ಟೆ! ಜಾಗ್ವಾರ್ ಕಂಪನಿಯವರು ೧೯೪೮ರಲ್ಲಿ ‘ಎಕ್ಸ್‌ಕೆ ೧೨೦’ ಎಂಬ ಕಾರನ್ನು ತೋರಿಸಿದಾಗ, ಗಂಟೆಗೆ ೧೨೦ ಮೈಲಿ ಓಡುವುದೆಂದು ಹೆಸರೇ ಸಾರುತ್ತಿತ್ತು. ಮರುವರ್ಷ ಬೆಲ್ಜಿಯಮ್ಮಿನ ಹೆದ್ದಾರಿಯಲ್ಲಿ ಅದು ೧೩೨ ಮೈಲಿ ದಾಟಿ, ಕೊಟ್ಟ ಮಾತಿಗಿಂತ ಹೆಚ್ಚನ್ನೇ ಸಲ್ಲಿಸಿತು. ಅದೇ ಧೈರ್ಯದಿಂದ ೧೯೮೮ರಲ್ಲಿ ಬರ್ಮಿಂಗ್‌ಹ್ಯಾಮಿನ ಪ್ರದರ್ಶನದಲ್ಲಿ ‘ಎಕ್ಸ್‌ಜೆ ೨೨೦’ ಕಾಣಿಸಿಕೊಂಡಿತು. ಕಂಪನಿಯ ಎಂಜಿನಿಯರುಗಳು ರಜಾದಿನವಾದ ಶನಿವಾರಗಳಲ್ಲಿ ಸೇರಿ ಕಟ್ಟಿದ ಕಾರು ಅದು. ಹನ್ನೆರಡು ಸಿಲಿಂಡರಿನ ಎಂಜಿನು, ನಾಲ್ಕು ಗಾಲಿಗೂ ಶಕ್ತಿ, ಗಂಟೆಗೆ ೨೨೦ ಮೈಲಿ ವೇಗ ಎಂಬ ಮಾತು. ಐವತ್ತು ಸಾವಿರ ಪೌಂಡು ಮುಂಗಡ ಕೊಟ್ಟು ಜನ ಸಾಲುಗಟ್ಟಿದರು.

೧೯೯೨ರಲ್ಲಿ ಕೈಗೆ ಬಂದ ಕಾರಿನಲ್ಲಿ ಆರೇ ಸಿಲಿಂಡರು, ಶಕ್ತಿ ಹಿಂದಿನ ಎರಡೇ ಗಾಲಿಗೆ. ಇಟಲಿಯ ನಾರ್ಡೋ ಪರೀಕ್ಷಾಪಥದಲ್ಲಿ ಮಾರ್ಟಿನ್ ಬ್ರಂಡಲ್ ಓಡಿಸಿದಾಗ ಅದು ಮುಟ್ಟಿದ್ದು ೨೧೭ ಮೈಲಿ. ಅಷ್ಟರಲ್ಲಿ ದೇಶದಲ್ಲಿ ಹಣದ ಮುಗ್ಗಟ್ಟೂ ತಲೆದೋರಿತ್ತು. ಮುಂಗಡ ಕೊಟ್ಟವರಲ್ಲಿ ಹಲವರು ಹಿಂಜರಿದರು. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. ೩೫೦ರವರೆಗೆ ಕಟ್ಟುವ ಎಣಿಕೆ ೨೮೦ರ ಆಸುಪಾಸಿನಲ್ಲಿ ನಿಂತಿತು. ‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ’ ಎಂದು ಇದನ್ನು ಹಳಿಯುವುದು ಮಾತ್ರ ಅನ್ಯಾಯ. ಆ ಹೊತ್ತಿಗೆ ರಸ್ತೆಯ ಕಾರುಗಳಲ್ಲಿ ಜಗತ್ತಿನಲ್ಲೇ ಅತಿ ವೇಗದ್ದು ಅದೇ. ಬೇರೆ ಹೆಸರಿದ್ದಿದ್ದರೆ ೨೧೭ ಒಂದು ವಿಜಯವಾಗುತ್ತಿತ್ತು. ೨೨೦ ಎಂದು ಹಣೆಯ ಮೇಲೆ ಬರೆದುಕೊಂಡದ್ದರಿಂದ ಮೂರು ಮೈಲಿಯ ಸಾಲವಾಗಿ ಉಳಿಯಿತು. ಇಂದು ಆ ಕಾರನ್ನು ಮೆಚ್ಚುವವರು ಬಹಳ ಮಂದಿ. ಆದರೆ ಆ ಮೂರು ಮೈಲಿಯ ಮಾತೆತ್ತದೆ ಯಾರೂ ಮುಂದಕ್ಕೆ ಹೋಗುವುದಿಲ್ಲ.

ಅದನ್ನು ಹಿಂದಿಕ್ಕಿದ ಮೆಕ್‌ಲಾರೆನ್ ‘ಎಫ್ ವನ್’ ಹೆಸರಿನಲ್ಲಿ ವೇಗದ ಅಂಕಿಯನ್ನೇ ಹೇಳಲಿಲ್ಲ. ಗಾರ್ಡನ್ ಮರ್ರಿ ರೂಪಿಸಿದ ಈ ಕಾರಿನಲ್ಲಿ ಚಾಲಕನ ಆಸನ ನಟ್ಟನಡುವೆ, ಅಕ್ಕಪಕ್ಕ ಇಬ್ಬರಿಗೆ ಜಾಗ. ಕಟ್ಟಿದ್ದು ಒಟ್ಟು ೧೦೬. ೧೯೯೮ರಲ್ಲಿ ಅದು ೨೪೦ ಮೈಲಿ ಮುಟ್ಟಿತು. ಅದೇ ಮರ್ರಿಯವರು ೨೦೨೦ರಲ್ಲಿ ತೋರಿಸಿದ ಕಾರು ‘ಟಿ ೫೦’. ಅವರು ರೂಪಿಸಿದ ಐವತ್ತನೆಯದೆಂದು ಆ ಹೆಸರು. ಇಲ್ಲಿಯೂ ಅಂಕಿಯುಂಟು. ಆದರೆ ಇದು ಮುಂದೆ ಮಾಡುವೆನೆಂಬ ಪ್ರತಿಜ್ಞೆಯಲ್ಲ, ಈವರೆಗೆ ಮಾಡಿದ ಕೆಲಸದ ಲೆಕ್ಕ. ಆಸ್ಟನ್ ಮಾರ್ಟಿನ್ನರ ‘ಒನ್ ೭೭’ ಕೂಡ ಹಾಗೆಯೇ: ೭೭ ಎಂದರು, ೭೭ನ್ನೇ ಕಟ್ಟಿದರು.

ಅಂಕಿಯಿಲ್ಲದ ಹೆಸರೂ ಮಾತು ಕೊಡಬಲ್ಲದು. ೧೯೮೦ರಲ್ಲಿ ಆಸ್ಟನ್ ಮಾರ್ಟಿನ್ ‘ಬುಲ್‌ಡಾಗ್’ ಎಂಬ ಕಾರನ್ನು ಹೊರತಂದಿತು. ೨೦೦ ಮೈಲಿ ದಾಟುವುದು ಗುರಿ. ೧೯೦ ದಾಟಿತು, ೨೦೦ ಮುಟ್ಟಲಿಲ್ಲ. ಮರುವರ್ಷ ಹೊಸ ಮುಖ್ಯಸ್ಥರು ಖರ್ಚು ತಾಳಲಾರದೆ ಯೋಜನೆ ನಿಲ್ಲಿಸಿದರು. ಹುಟ್ಟಿದ್ದು ಒಂದೇ ಒಂದು ಕಾರು, ಅದೂ ಮಾರಿಹೋಯಿತು. ಹಲವು ವರ್ಷಗಳ ಮೇಲೆ ಅದನ್ನು ಬಿಚ್ಚಿ, ಜೋಡಿಸಿ, ಜೀರ್ಣೋದ್ಧಾರ ಮಾಡಿ, ೨೦೨೩ರಲ್ಲಿ ಸ್ಕಾಟ್‌ಲೆಂಡಿನ ಹಳೆಯ ವಿಮಾನನಿಲ್ದಾಣವೊಂದರಲ್ಲಿ ಓಡಿಸಿದರು. ೨೦೫ ಮೈಲಿ! ಕಚ್ಚಿದ್ದನ್ನು ಬಿಡದ ನಾಯಿಯ ಹೆಸರು ಅದಕ್ಕೆ ಸಂದದ್ದು ನಲವತ್ತಮೂರು ವರ್ಷಗಳ ಮೇಲೆ.

ಜಾಗ್ವಾರ್ ಕಂಪನಿ ಇಂದು ದೂರದ ವಿಷಯವೇನಲ್ಲ. ೨೦೦೮ರಲ್ಲಿ ಅದನ್ನು ಮುಂಬಯಿಯ ಟಾಟಾ ಮೋಟಾರ್ಸ್ ಕೊಂಡಿತು. ಜಾಗ್ವಾರ್ ಎಂಬ ಹೆಸರಿಗೆ ೭೫ ತುಂಬಿದ ನೆನಪಿಗೆ ೨೦೧೦ರಲ್ಲಿ ‘ಸಿ ಎಕ್ಸ್ ೭೫’ ಎಂಬ ಮಾದರಿ ತೋರಿಸಿ, ೨೫೦ರವರೆಗೆ ಕಟ್ಟುವುದಾಗಿ ಹೇಳಿದ್ದರು. ೨೦೧೨ರ ಕೊನೆಗೆ ಕಾಲ ಅನುಕೂಲವಲ್ಲವೆಂದು ಕೈಬಿಟ್ಟರು. ಅಭಿಮಾನಿಗಳು ನೊಂದುಕೊಂಡರು. ನಮಗೇನೋ ಇದರಲ್ಲಿ ವಿವೇಕ ಕಾಣುತ್ತದೆ. ಮುಂಗಡ ಹಿಡಿದು ಕಡಿಮೆ ಸಲ್ಲಿಸುವುದಕ್ಕಿಂತ ಆಗದೆಂದು ಹೇಳಿಬಿಡುವುದು ಮೇಲಲ್ಲವೇ?

ಅಂಕಿತವೋ ಅನ್ವರ್ಥವೋ ಎಂದು ಕೇಳಿದರೆ ನಮ್ಮ ಮತ ಅಂಕಿತಕ್ಕೆ. ಊರಿನ, ಹಿರಿಯರ, ಮೊಮ್ಮಗಳ ಹೆಸರಿಟ್ಟವನು ವೇಗವನ್ನು ಮೊದಲೇ ಮಾರಿಕೊಂಡಿರುವುದಿಲ್ಲ. ಆದರೆ ಬಂಡಿ ಸೋತರೆ ತಲೆತಗ್ಗಿಸುವವರು ಯಾರೆಂಬುದನ್ನು ಒಪ್ಪಿಕೊಂಡಿರುತ್ತಾನೆ. ಮನೆಯ ಹುಡುಗರು ಓದುವ ಮೇಜಿನ ಮೇಲೆ ಇಂಥ ಕಾರಿನ ಚಿತ್ರ ಅಂಟಿಸಿದ್ದರೆ, ಎಷ್ಟು ಮೈಲಿ ಓಡುತ್ತದೆಂದು ಅವರೇ ಹೇಳುತ್ತಾರೆ. ಆ ಹೆಸರು ಯಾರದು, ಎಲ್ಲಿಂದ ಬಂತು ಎಂದೂ ಒಮ್ಮೆ ಕೇಳಿ ನೋಡಿ.